ಮೂರರಲ್ಲಿ ಎರಡು ಪಾಲು

ನಮ್ಮ ಕಡೆಯ ಕ್ರೈಸ್ತರ ಮಾತಿನಲ್ಲಿ ‘ಸಭೆ’ ಎಂದರೆ ನಾಲ್ಕು ಜನ ಕೂಡಿ ಮಾತನಾಡುವುದು ಎಂದೂ ಆಗುತ್ತದೆ, ಒಂದು ಚರ್ಚಿಗೆ ಸೇರಿದ ಜನಸಮುದಾಯ ಎಂದೂ ಆಗುತ್ತದೆ. ಕೋಲಾರದ ಮೆಥಡಿಸ್ಟ್ ಮನೆಯೊಂದರಲ್ಲಿ ಬೆಳೆದ ನಾನು “ನೀವು ಯಾವ ಸಭೆಯವರು?” ಎಂಬ ಪ್ರಶ್ನೆಯನ್ನು ಊರು, ಮನೆತನ ಕೇಳುವಷ್ಟೇ ಸಹಜವಾಗಿ ಕೇಳಿಸಿಕೊಂಡು ಬಂದವನು. 2022ರ ಸೆಪ್ಟೆಂಬರ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ, ಅಮೆರಿಕದ ಉತ್ತರ ಕ್ಯಾರೊಲಿನಾ ರಾಜ್ಯದ ಸಣ್ಣ ಊರೊಂದರಲ್ಲಿ, 14 ವರ್ಷಗಳಿಂದ ನನ್ನದೆಂದು ಹೇಳಿಕೊಳ್ಳುತ್ತಿದ್ದ ಸಭೆಯು ಒಂದು ಸಭೆ ಸೇರಿ ಎರಡು ಗಂಟೆಯೊಳಗೆ ಇಬ್ಭಾಗವಾಯಿತು. ಯುನೈಟೆಡ್ ಮೆಥಡಿಸ್ಟ್ ಚರ್ಚ್ ಎಂಬ ಪಂಗಡದಲ್ಲಿ ಉಳಿಯಬೇಕೇ, ಅದನ್ನು ಬಿಟ್ಟು ಹೋಗಬೇಕೇ ಎಂಬುದು ಅಂದು ನಮ್ಮ ಮುಂದಿದ್ದ ಪ್ರಶ್ನೆ. ಸಲಿಂಗಿಗಳ ಮದುವೆಯನ್ನು ಚರ್ಚಿನಲ್ಲಿ ನಡೆಸಬಹುದೇ, ಸಲಿಂಗಿಗಳಿಗೆ ಪಾದ್ರಿಯಾಗಿ ಅಭಿಷೇಕ ಕೊಡಬಹುದೇ ಎಂಬುದು ಅದರ ಹಿಂದೆ ನಿಂತಿದ್ದ ಪ್ರಶ್ನೆ.

ಮತಚೀಟಿ ಅಂಗೈ ಅಗಲದ ತೆಳು ಹಳದಿ ಕಾಗದವಾಗಿತ್ತು, ಅದರಲ್ಲಿ ಎರಡು ಚೌಕಗಳಿದ್ದವು. ಗುರುತು ಹಾಕಲು, ಹೊಸಬರು ತಮ್ಮ ಹೆಸರು, ವಿಳಾಸ ಬರೆದುಕೊಡಲೆಂದು ಬೆಂಚುಗಳ ಹಿಂಬದಿಯಲ್ಲಿ ಇಟ್ಟಿರುತ್ತಿದ್ದ ಗಿಡ್ಡ ಪೆನ್ಸಿಲುಗಳನ್ನೇ ಬಳಸಿದೆವು. ಮೊದಲ ಬಾರಿ ಆ ಬಾಗಿಲು ದಾಟಿದ ದಿನ ನಾನೂ ನನ್ನ ಹೆಂಡತಿಯೂ ಅಂಥದೇ ಪೆನ್ಸಿಲಿನಲ್ಲಿ ನಮ್ಮ ಹೆಸರು ಬರೆದುಕೊಟ್ಟಿದ್ದೆವು. ಸಭೆಯ ಅಧ್ಯಕ್ಷತೆ ವಹಿಸಿದ್ದವರು ಹಲವು ಸಭೆಗಳ ಮೇಲ್ವಿಚಾರಕರಾದ ಡಿಸ್ಟ್ರಿಕ್ಟ್ ಸೂಪರಿಂಟೆಂಡೆಂಟ್, ಅಂದರೆ ಕೋಲಾರ, ಬೀದರುಗಳ ಮೆಥಡಿಸ್ಟರು ಡಿ.ಎಸ್. ಎಂದು ಕರೆಯುವ ಅದೇ ಹುದ್ದೆಯವರು. ಒಬ್ಬರ ಪರವಾಗಿ ಇನ್ನೊಬ್ಬರು ಮತ ಹಾಕುವಂತಿರಲಿಲ್ಲ, ಅಂಚೆಯಲ್ಲಿ ಕಳಿಸುವಂತಿರಲಿಲ್ಲ, ಸ್ವತಃ ಬಂದವರದು ಮಾತ್ರ ಲೆಕ್ಕ. ಹೀಗಾಗಿ ವೃದ್ಧಾಶ್ರಮದಲ್ಲಿದ್ದ ಅಜ್ಜಿಯೊಬ್ಬರನ್ನು ಆಮ್ಲಜನಕದ ಸಿಲಿಂಡರಿನ ಸಮೇತ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಮತ ಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲು ‘ಬಿಡೋಣ’ ಎಂದರೆ ಬಿಟ್ಟಂತೆ. ಎಣಿಕೆ ಮುಗಿದಾಗ ಬೇಕಾದದ್ದಕ್ಕಿಂತ ನಾಲ್ಕೇ ನಾಲ್ಕು ಮತ ಹೆಚ್ಚು ಬಿದ್ದಿದ್ದವು. ಚಪ್ಪಾಳೆ ತಟ್ಟಬೇಡಿ ಎಂದು ಡಿ.ಎಸ್. ಮೊದಲೇ ಕೇಳಿಕೊಂಡಿದ್ದರು, ಯಾರೂ ತಟ್ಟಲಿಲ್ಲ. ಸಿಲಿಂಡರಿನ ಸಣ್ಣ ಸದ್ದು ಮಾತ್ರ ಕೇಳಿಸುತ್ತಿತ್ತು.

ಈ ಜಗಳ ನಮ್ಮ ಊರಿನಲ್ಲಿ ಹುಟ್ಟಿದ್ದಲ್ಲ. ಯುನೈಟೆಡ್ ಮೆಥಡಿಸ್ಟ್ ಚರ್ಚ್ ಈಗಿನ ರೂಪದಲ್ಲಿ ಸ್ಥಾಪನೆಯಾದದ್ದು 1968ರಲ್ಲಿ. ನಾಲ್ಕು ವರ್ಷಗಳ ನಂತರ, 1972ರಲ್ಲಿ ಅಟ್ಲಾಂಟಾದಲ್ಲಿ ನಡೆದ, ಪಂಗಡದ ನಿಯಮಗಳನ್ನು ರೂಪಿಸುವ ಅದರ ಮಹಾಧಿವೇಶನವು ಸಲಿಂಗಿಗಳೂ ದೇವರ ದೃಷ್ಟಿಯಲ್ಲಿ ಪವಿತ್ರ ಮೌಲ್ಯವುಳ್ಳ ವ್ಯಕ್ತಿಗಳು ಎಂದು ಒಪ್ಪಿಕೊಂಡ ಉಸಿರಿನಲ್ಲೇ, ಸಲಿಂಗ ಸಂಬಂಧವು ಕ್ರೈಸ್ತ ಬೋಧನೆಗೆ ಹೊಂದಿಕೆಯಾಗದು ಎಂಬ ಮಾತನ್ನೂ ಸೇರಿಸಿತು. ಮುಂದಿನ ಐವತ್ತು ವರ್ಷಗಳ ಸಂಕಟವೆಲ್ಲ ಒಂದೇ ಕಡೆ ಕೂತಿದ್ದ ಈ ಎರಡು ಮಾತುಗಳಿಂದ ಬಂತು ಎಂದೇ ನಾನು ತಿಳಿದಿದ್ದೇನೆ. 1984ರಲ್ಲಿ, ಸಲಿಂಗ ಸಂಬಂಧದಲ್ಲಿರುವುದಾಗಿ ಹೇಳಿಕೊಂಡವರಿಗೆ ಅಭಿಷೇಕ ಕೊಡಬಾರದೆಂಬ ನಿಯಮ ಬಂತು. 1996ರಲ್ಲಿ ಪಾದ್ರಿಗಳು ಸಲಿಂಗ ಜೋಡಿಗಳ ವಿಧಿಯನ್ನು ನಡೆಸಬಾರದೆಂಬ ನಿಯಮ ಬಂತು. ಪೆನ್ಸಿಲ್ವೇನಿಯಾದ ಪಾದ್ರಿ ಫ್ರಾಂಕ್ ಶೇಫರ್ 2007ರಲ್ಲಿ ತಮ್ಮ ಸ್ವಂತ ಮಗನ ಮದುವೆಯನ್ನು ನಡೆಸಿಕೊಟ್ಟರು, ಮಗ ವರಿಸಿದ್ದು ಇನ್ನೊಬ್ಬ ಗಂಡಸನ್ನು. 2013ರಲ್ಲಿ ಚರ್ಚು ಅವರನ್ನು ವಿಚಾರಣೆಗೆ ಒಳಪಡಿಸಿ ಪಾದ್ರಿ ಪದವಿಯನ್ನೇ ಕಿತ್ತುಕೊಂಡಿತು. ಮರುವರ್ಷ ಮೇಲ್ಮನವಿಯಲ್ಲಿ ಅದು ಅವರಿಗೆ ಹಿಂದಿರುಗಿತು. ಮಗನ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದ ತಂದೆಯೊಬ್ಬನನ್ನು ನ್ಯಾಯಪೀಠದ ಮುಂದೆ ನಿಲ್ಲಿಸಬೇಕಾದ ಸ್ಥಿತಿಗೆ ಒಂದು ನಿಯಮಗ್ರಂಥ ಬಂದು ಮುಟ್ಟಿದೆಯೆಂದರೆ, ಆ ಗ್ರಂಥವನ್ನು ಹಿಡಿದಿರುವವರು ಒಂದು ಕ್ಷಣ ಅದನ್ನು ಕೆಳಗಿಟ್ಟು ಯೋಚಿಸಬೇಕಿತ್ತು.

2019ರ ಫೆಬ್ರವರಿಯಲ್ಲಿ ಸೇಂಟ್ ಲೂಯಿಸಿನಲ್ಲಿ ಇದಕ್ಕಾಗಿಯೇ ವಿಶೇಷ ಮಹಾಧಿವೇಶನ ಕರೆದರು. ಆಯಾ ಪಾದ್ರಿ, ಆಯಾ ಪ್ರಾಂತದ ಮನಸ್ಸಾಕ್ಷಿಗೆ ಬಿಡೋಣ ಎಂಬ ಯೋಜನೆ ಅಲ್ಲಿ ಬಿದ್ದುಹೋಯಿತು. ಇದ್ದ ನಿಷೇಧಗಳನ್ನು ಉಳಿಸಿ ಶಿಕ್ಷೆಗಳನ್ನು ಬಿಗಿಗೊಳಿಸುವ ‘ಸಾಂಪ್ರದಾಯಿಕ ಯೋಜನೆ’ 384ರ ಎದುರು 438 ಮತಗಳಿಂದ ಗೆದ್ದಿತು. ಅದೇ ಅಧಿವೇಶನದಲ್ಲಿ ನಿಯಮಗ್ರಂಥಕ್ಕೆ 2553 ಎಂಬ ಸಂಖ್ಯೆಯ ಒಂದು ಪರಿಚ್ಛೇದ ಸೇರಿತು. ಈ ವಿಷಯದಲ್ಲಿ ಮನಸ್ಸಾಕ್ಷಿ ಒಪ್ಪದ ಸ್ಥಳೀಯ ಸಭೆ 2023ರ ಡಿಸೆಂಬರ್ 31ರೊಳಗೆ ಮೂರರಲ್ಲಿ ಎರಡು ಪಾಲು ಮತದಿಂದ ಪಂಗಡವನ್ನು ಬಿಡಬಹುದು, ಕಟ್ಟಡವನ್ನೂ ತನ್ನಲ್ಲೇ ಉಳಿಸಿಕೊಳ್ಳಬಹುದು ಎಂದು ಅದು ಹೇಳಿತು. ಹೊರಗಿನವರಿಗೆ ವಿವರಿಸುವಾಗ ನಾನು ಪ್ರತಿ ಸಲ ತಡವರಿಸುವುದು ಇಲ್ಲಿಯೇ. ಸೋತವರು ಹೊರಡಲಿ ಎಂದು ತೆರೆದಂತಿದ್ದ ಆ ಬಾಗಿಲಿನಿಂದ ಬಹುಪಾಲು ಹೊರನಡೆದವರು ಗೆದ್ದವರು. ಗೆದ್ದ ನಿಯಮವನ್ನು ಅಮೆರಿಕದ ಅನೇಕ ಬಿಷಪರು ಜಾರಿಗೆ ತರುವುದಿಲ್ಲವೆಂಬುದು ಬೇಗನೆ ಸ್ಪಷ್ಟವಾಯಿತು. ಕೊರೋನಾ ಕಾರಣಕ್ಕೆ 2020ರ ಮಹಾಧಿವೇಶನ ಮುಂದೆ ಮುಂದೆ ಹೋಗಿ 2024ಕ್ಕೆ ಬಂತು. ಸಂಪ್ರದಾಯವಾದಿಗಳ ಒಂದು ಗುಂಪು ಕಾಯಲು ಒಪ್ಪದೆ 2022ರ ಮೇ 1ರಂದು ಗ್ಲೋಬಲ್ ಮೆಥಡಿಸ್ಟ್ ಚರ್ಚ್ ಎಂಬ ಹೊಸ ಪಂಗಡವನ್ನು ಆರಂಭಿಸಿತು. 2023 ಮುಗಿಯುವ ಹೊತ್ತಿಗೆ 7,600ಕ್ಕೂ ಹೆಚ್ಚು ಸಭೆಗಳು, ಅಂದರೆ ಅಮೆರಿಕದಲ್ಲಿದ್ದ ಯುನೈಟೆಡ್ ಮೆಥಡಿಸ್ಟ್ ಸಭೆಗಳಲ್ಲಿ ಸುಮಾರು ಕಾಲು ಭಾಗ, ಹೊರಟುಹೋಗಿದ್ದವು.

ಕೂಡುಕುಟುಂಬದ ಭಾಗವನ್ನು ಕಣ್ಣಾರೆ ಕಂಡವರಿಗೆ ಮುಂದಿನ ಕಥೆ ಅರ್ಥವಾಗುತ್ತದೆ. ಮೆಥಡಿಸ್ಟರಲ್ಲಿ ಚರ್ಚಿನ ಜಾಗವೂ ಕಟ್ಟಡವೂ ಆ ಊರಿನ ಸಭೆಯ ಸ್ವಂತ ಆಸ್ತಿಯಾಗಿರುವುದಿಲ್ಲ; ಸ್ಥಳೀಯ ಧರ್ಮದರ್ಶಿಗಳು ಅದನ್ನು ಇಡೀ ಪಂಗಡದ ಪರವಾಗಿ ನಂಬಿಕೆಯ ಮೇಲೆ ಹಿಡಿದಿರುತ್ತಾರೆ. ಇದು 18ನೇ ಶತಮಾನದಲ್ಲಿ ಮೆಥಡಿಸ್ಟರ ಮೂಲಪುರುಷ ಜಾನ್ ವೆಸ್ಲಿಯವರೇ ಹಾಕಿಕೊಟ್ಟ ಕ್ರಮ. ಪಾಲು ಬೇಕೆನ್ನುವವರು ಎರಡು ವರ್ಷಗಳ ವಂತಿಗೆಯನ್ನೂ ಪಾದ್ರಿಗಳ ಪಿಂಚಣಿಯಲ್ಲಿ ತಮ್ಮ ಸಭೆಯ ಪಾಲಿಗೆ ಬರುವ ಹೊಣೆಯನ್ನೂ ಕಟ್ಟಬೇಕಿತ್ತು. ಬೇಸಿಗೆಯ ಮೂರು ತಿಂಗಳು ನಮ್ಮಲ್ಲಿ ನಡೆದ ಚರ್ಚೆಯಲ್ಲಿ ಅರ್ಧಕ್ಕಿಂತ ಹೆಚ್ಚು ಸಮಯ ಈ ಲೆಕ್ಕಕ್ಕೇ ಹೋಯಿತು. ಚರ್ಚಿನ ಮಗ್ಗುಲಲ್ಲಿ ಓಕ್ ಮರಗಳ ಕೆಳಗೆ ಸಮಾಧಿಭೂಮಿಯಿದೆ. ಪಂಗಡದಲ್ಲಿ ಉಳಿಯುವವರು ಕಟ್ಟಡವನ್ನು ಬಿಟ್ಟುಹೋಗಬೇಕಾದರೆ ಅಲ್ಲಿ ಮಲಗಿರುವ ತಮ್ಮವರನ್ನು ಏನು ಮಾಡುವುದು ಎಂದು ವಿಧವೆಯೊಬ್ಬರು ಎದ್ದು ಕೇಳಿದರು. ಸಮಾಧಿಗೆ ಜಾಗ ಕಾದಿರಿಸಿದವರ ಹಕ್ಕು ಹಾಗೆಯೇ ಉಳಿಯುತ್ತದೆ ಎಂದು ವಕೀಲರು ಉತ್ತರಿಸಿದರು. ಆಕೆ ಕೇಳಿದ್ದು ಹಕ್ಕಿನ ವಿಷಯವಾಗಿರಲಿಲ್ಲ.

ಬಿಟ್ಟುಹೋಗುವ ಪಕ್ಷದ ಮುಂದಾಳಾಗಿದ್ದವರು, ಆ ಊರಿನಲ್ಲಿ ನಮಗೆ ಮೊತ್ತಮೊದಲು ಮನೆಯ ಬಾಗಿಲು ತೆರೆದವರು. ತಂಬಾಕು ಬೆಳೆಯುವ ಮನೆತನದಲ್ಲಿ ಹುಟ್ಟಿ, ಎಲೆಕ್ಟ್ರಿಶಿಯನ್ ಆಗಿ ದುಡಿದು ನಿವೃತ್ತರಾದವರು. ನಮ್ಮ ಬಳಿ ಕಾರಿಲ್ಲದ ಮೊದಲ ಚಳಿಗಾಲದಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ತಮ್ಮ ಟ್ರಕ್ಕಿನಲ್ಲಿ ಬಂದು ಕರೆದೊಯ್ದವರು. ನನ್ನ ಹೆಂಡತಿಯ ಹೆರಿಗೆಯ ರಾತ್ರಿ ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನ ಜೊತೆ ಬೆಳಗಿನವರೆಗೆ ಕೂತಿದ್ದವರು. ಮಗಳು ಅವರನ್ನು ‘ತಾತ’ ಎಂದೇ ಕರೆಯುತ್ತಾಳೆ. ಆ ಪದದ ಅರ್ಥವನ್ನು ಕೇಳಿ ತಿಳಿದುಕೊಂಡ ದಿನದಿಂದ ಅವರು ಅವಳಿಗೆ ಕಳಿಸುವ ಹುಟ್ಟುಹಬ್ಬದ ಕಾರ್ಡಿನಲ್ಲಿ ಆ ಎರಡಕ್ಷರವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದು ಸಹಿ ಮಾಡುತ್ತಾರೆ. ಅವರು ಮೈಕಿನ ಮುಂದೆ ನಿಂತು ಹೇಳಿದ್ದಿಷ್ಟು: “ನನ್ನ ಅಪ್ಪ ಓದುತ್ತಿದ್ದ ಸತ್ಯವೇದವನ್ನೇ ನಾನೂ ಓದುತ್ತಿದ್ದೇನೆ. ಅದರಲ್ಲಿ ಬರೆದಿರುವುದನ್ನು ಬರೆದಿಲ್ಲವೆಂದು ಹೇಳಲು ನನಗೆ ಬರುವುದಿಲ್ಲ.” ಅವರನ್ನು ದ್ವೇಷ ತುಂಬಿದ ಮನುಷ್ಯನೆಂದು ಯಾರಾದರೂ ಬರೆದರೆ ನಾನು ಒಪ್ಪುವವನಲ್ಲ. ಅವರ ಮಾತು ಒಬ್ಬರ ಎದೆಗೆ ಇರಿಯಲಿಲ್ಲವೆಂದು ಯಾರಾದರೂ ಹೇಳಿದರೆ ಅದನ್ನೂ ಒಪ್ಪುವವನಲ್ಲ.

ಆ ಒಬ್ಬರು ನಮ್ಮ ಆರ್ಗನ್ ವಾದಕರು. ಇಪ್ಪತ್ತಕ್ಕೂ ಹೆಚ್ಚು ವರ್ಷ ನಮ್ಮ ಮದುವೆಗಳಿಗೆ, ದೀಕ್ಷಾಸ್ನಾನಗಳಿಗೆ, ಶವಸಂಸ್ಕಾರಗಳಿಗೆ ಅವರೇ ನುಡಿಸಿದ್ದರು. ಅವರ ಸಂಗಾತಿ ಪ್ರತಿ ಭಾನುವಾರ ಹಿಂದಿನಿಂದ ಎರಡನೆಯ ಬೆಂಚಿನಲ್ಲಿ, ಬಲತುದಿಯಲ್ಲಿ ಕೂರುತ್ತಿದ್ದರು. ಅವರಿಬ್ಬರು ಒಂದೇ ಮನೆಯಲ್ಲಿರುವುದು, ಏಕೆ ಇರುವುದು, ಎಲ್ಲರಿಗೂ ಗೊತ್ತಿತ್ತು. ಯಾರೂ ಆಡುತ್ತಿರಲಿಲ್ಲ, ಅವರೂ ಆಡುತ್ತಿರಲಿಲ್ಲ. ಆ ಮೌನವನ್ನೇ ನಾವು ಪ್ರೀತಿಯೆಂದು ತಿಳಿದಿದ್ದೆವು. ಚರ್ಚೆ ಆರಂಭವಾದ ಮೇಲೆ, ಒಬ್ಬೊಬ್ಬರಿಗೆ ಮೂರು ನಿಮಿಷವೆಂದು ಗಡಿಯಾರ ಇಟ್ಟುಕೊಂಡು, ಜನ ಎದ್ದು ನಿಂತು ‘ಅಂಥ ಜನ’ ಎಂದು ಹೇಳತೊಡಗಿದರು. ಅಂಥ ಜನ ಬರಲಿ, ಆದರೆ ಪಾದ್ರಿಯಾಗುವುದು ಬೇಡ. ಅಂಥವರಿಗಾಗಿ ಪ್ರಾರ್ಥಿಸೋಣ, ಆದರೆ ಮದುವೆ ಮಾಡಿಸುವುದು ಬೇಡ. ಹೇಳುವವರ ನೋಟ ಆರ್ಗನ್ನಿನ ಕಡೆಗೆ ತಿರುಗುತ್ತಿರಲಿಲ್ಲ. ಅವರು ಪೀಠದ ಮೇಲೆ ಬೆನ್ನು ನೇರವಾಗಿಟ್ಟು, ಮುಚ್ಚಿದ ಕೀಲಿಮಣೆಯ ಮೇಲೆ ಎರಡೂ ಕೈಗಳನ್ನಿಟ್ಟುಕೊಂಡು, ಅಷ್ಟೂ ದಿನ ಒಂದು ಮಾತೂ ಆಡದೆ ಕೂತಿದ್ದರು.

ಅವರೆಲ್ಲ ಹೇಳಿದ್ದು ಇಂಗ್ಲಿಷಿನಲ್ಲಿ. ನನ್ನ ಕಿವಿಗೆ ಬಿದ್ದದ್ದು ಕನ್ನಡದ ‘ಅಂಥವರು’. ನನ್ನ ಮುತ್ತಜ್ಜಿ ಧಾತು ಈಶ್ವರ ಸಂವತ್ಸರಗಳ ಬರಗಾಲದಲ್ಲಿ, ಅಂದರೆ 1876–78ರ ಮಹಾಕ್ಷಾಮದಲ್ಲಿ, ತಂದೆತಾಯಿಯನ್ನು ಕಳೆದುಕೊಂಡು ಕೋಲಾರದ ಮಿಷನ್ ಅನಾಥಾಲಯದಲ್ಲಿ ಬೆಳೆದವಳು. ಆಕೆ ಹುಟ್ಟಿದ ಕೇರಿ ಊರ ಹೊರಗಿತ್ತು. ಬಾವಿಯಿಂದ ದೂರ ನಿಲ್ಲಬೇಕಾದವರನ್ನು ಊರಿನವರು ಹೆಸರು ಹಿಡಿದು ಕರೆಯದೆ ‘ಅಂಥವರು’ ಎಂದೇ ಕರೆಯುತ್ತಿದ್ದರೆಂದು ಅಜ್ಜಿ ಹೇಳುತ್ತಿದ್ದಳು. ನಮ್ಮ ಮನೆತನ ಸಭೆಗೆ ಸೇರಿದ್ದು ದೇವತಾಶಾಸ್ತ್ರದ ಪ್ರಶ್ನೆಗಳನ್ನು ಬಿಡಿಸಿಕೊಂಡಲ್ಲ; ಅಲ್ಲಿ ಒಂದೇ ಚಾಪೆಯ ಮೇಲೆ ಕೂರಿಸಿ, ಒಂದೇ ಬಟ್ಟಲಿನಿಂದ ಕರ್ತನ ಭೋಜನವನ್ನು ಕೊಟ್ಟರು ಎಂಬ ಕಾರಣಕ್ಕೆ. ಅದೇ ಸಭೆಗಳೊಳಗೆ ಜಾತಿ ಬೇರೆ ಬೇರೆ ಬೆಂಚುಗಳಾಗಿ ಮತ್ತೆ ಬಂದು ಕೂತದ್ದನ್ನೂ ದಕ್ಷಿಣ ಭಾರತದ ಕ್ರೈಸ್ತರಾದ ನಾವು ಬಲ್ಲೆವು. ಇಷ್ಟು ತಿಳಿದ ನಾನು ಆ ಮೈಕಿನ ಮುಂದೆ ಎದ್ದು ನಿಂತು ಮುತ್ತಜ್ಜಿಯ ಕಥೆ ಹೇಳಬಹುದಾಗಿತ್ತು. ಮೂರು ನಿಮಿಷ ಸಾಕಾಗುತ್ತಿತ್ತು. ವಲಸೆ ಬಂದವನು, ಇವರ ಮನೆಯ ಜಗಳದಲ್ಲಿ ನನ್ನದೇನು ಎಂದುಕೊಂಡೆ. ತಾತನ ಮುಖ ನೋಡಿ ಹಿಂಜರಿದೆ. ಹಳದಿ ಚೀಟಿಯಲ್ಲಿ ‘ಉಳಿಯೋಣ’ ಎಂಬ ಚೌಕಕ್ಕೆ ಗುರುತು ಹಾಕಿದೆ, ಅಷ್ಟೇ. ಆ ಮೌನದ ವಿಷಯದಲ್ಲಿ ನನಗೆ ಇಂದಿಗೂ ಸಮಾಧಾನವಿಲ್ಲ.

ವೇದವಾಕ್ಯಗಳ ಚರ್ಚೆಯನ್ನು ಕೇಳದೆ ನಾನು ಈ ನಿಲುವಿಗೆ ಬಂದವನಲ್ಲ. ಯಾಜಕಕಾಂಡದ ನಿಷೇಧ, ರೋಮಾಪುರದವರಿಗೆ ಪೌಲನು ಬರೆದ ಪತ್ರಿಕೆಯ ಮೊದಲ ಅಧ್ಯಾಯ, ಇವುಗಳ ತೂಕವನ್ನು ಹಗುರವೆಂದು ತಳ್ಳುವವರ ಜೊತೆ ನನಗೂ ಜಗಳವಿದೆ. ಆದರೆ ಅದೇ ಸತ್ಯವೇದದಲ್ಲಿ ವಿವಾಹ ವಿಚ್ಛೇದನದ ಬಗ್ಗೆ ಯೇಸು ಸ್ವತಃ ಆಡಿದ ಕಠಿಣ ಮಾತುಗಳಿವೆ, ಮತ್ತು ಆ ಮಾತುಗಳನ್ನು ಕೈಯಲ್ಲಿ ಹಿಡಿದುಕೊಂಡೇ ನಮ್ಮ ಸಭೆಯು ವಿಚ್ಛೇದಿತರನ್ನು ಬರಮಾಡಿಕೊಂಡಿತು, ಅವರಿಗೆ ಮರುಮದುವೆ ಮಾಡಿಸಿತು, ಕಮಿಟಿಯಲ್ಲಿ ಕೂರಿಸಿತು. ಹೆಂಗಸರು ಸಭೆಯಲ್ಲಿ ಮೌನವಾಗಿರಲಿ ಎಂಬ ವಾಕ್ಯವೂ ಇದೆ. ಅಮೆರಿಕದ ಮೆಥಡಿಸ್ಟರು 1956ರಲ್ಲಿ ಹೆಂಗಸರಿಗೆ ಪಾದ್ರಿಯ ಪೂರ್ಣ ಹಕ್ಕು ಕೊಟ್ಟರು. ಆ ಎರಡು ಸಂದರ್ಭಗಳಲ್ಲಿ ವಾಕ್ಯದ ಜೊತೆಗೆ ಎದುರಿಗಿದ್ದ ಮನುಷ್ಯರ ಬದುಕನ್ನೂ ಓದಿದವರು, ಮೂರನೆಯ ಸಂದರ್ಭದಲ್ಲಿ ಮಾತ್ರ ಕಣ್ಣು ಮುಚ್ಚಿ ಓದಬೇಕೆಂದು ಹೇಳುವುದು ನನಗೆ ನ್ಯಾಯವೆನಿಸುವುದಿಲ್ಲ. ಅಶುದ್ಧವೆಂದು ತಾನು ನಂಬಿದ್ದನ್ನು ಹಾಗೆನ್ನಬೇಡವೆಂದು ಮೇಲಿನಿಂದ ಇಳಿದ ಜೋಳಿಗೆಯ ದರ್ಶನದಲ್ಲಿ ಕೇಳಿಸಿಕೊಂಡ ಯೇಸುವಿನ ಶಿಷ್ಯ ಪೇತ್ರನು, ಮರುದಿನವೇ ಹೊರಟು, ಅನ್ಯಜನಾಂಗದವನೊಬ್ಬನ ಮನೆಯ ಹೊಸ್ತಿಲು ದಾಟಿದ. ಅದನ್ನು ತಾತನಿಗೆ ಹೇಳಿದೆ. “ಅವನಿಗೆ ದರ್ಶನವಾಯಿತು, ನನಗೆ ಆಗಿಲ್ಲ” ಎಂದರು. ಪ್ರಾಮಾಣಿಕವಾದ ಉತ್ತರ.

ಮೆಥಡಿಸ್ಟರಿಗೆ ಒಡೆಯುವುದು ಹೊಸದಲ್ಲ. ಜಾರ್ಜಿಯಾದ ಬಿಷಪ್ ಜೇಮ್ಸ್ ಆಂಡ್ರೂ ಗುಲಾಮರ ಒಡೆಯರಾಗಿದ್ದ ಕಾರಣಕ್ಕೆ 1844ರ ಮಹಾಧಿವೇಶನದಲ್ಲಿ ಜಗಳ ಎದ್ದು, ದಕ್ಷಿಣದವರು ಬೇರೆಯಾಗಿ, ತಮ್ಮದೇ ಪಂಗಡ ಕಟ್ಟಿಕೊಂಡರು. ಆಗಲೂ ವೇದದಲ್ಲಿ ಬರೆದಿದೆ ಎಂಬ ವಾದವಿತ್ತು, ಮತ್ತು ದಾಸರು ಯಜಮಾನರಿಗೆ ಅಧೀನರಾಗಿರಲಿ ಎಂಬ ವಾಕ್ಯಗಳು ವೇದದಲ್ಲಿ ಇದ್ದದ್ದೂ ನಿಜ. ಮತ್ತೆ ಒಂದಾಗಲು 1939ರವರೆಗೆ, ಅಂದರೆ 95 ವರ್ಷ ಬೇಕಾಯಿತು. ಒಂದಾದಾಗಲೂ ಕರಿಯರ ಬಹುಪಾಲು ಸಭೆಗಳನ್ನು ಪ್ರತ್ಯೇಕ ವಿಭಾಗದಲ್ಲಿಟ್ಟರು. ಆ ಬೇಲಿ ಕಿತ್ತದ್ದು 1968ರಲ್ಲಿ. ಏಕತೆ ಬೇಕೆಂದು ನಾನು ಹೇಳುವಾಗ ಈ ಇತಿಹಾಸ ನನ್ನನ್ನು ಎಚ್ಚರಿಸುತ್ತದೆ: 1939ರ ಏಕತೆಯ ಬೆಲೆಯನ್ನು ತೆತ್ತವರು ಕರಿಯರು. ನಮ್ಮ ಸಭೆಯ ಇಪ್ಪತ್ತು ವರ್ಷಗಳ ಏಕತೆಯ ಬೆಲೆಯನ್ನು ಆರ್ಗನ್ ವಾದಕರೊಬ್ಬರೇ ತೆರುತ್ತಿದ್ದರು.

ಕೋಲಾರದಿಂದ ತಂಗಿ ಫೋನು ಮಾಡಿದಾಗ, “ಅಣ್ಣಾ, ಇದು ನಮ್ಮಲ್ಲಿಗೂ ಬರುತ್ತದೆಯೇ?” ಎಂದು ಕೇಳಿದಳು. ಭಾರತದ ಮೆಥಡಿಸ್ಟ್ ಚರ್ಚ್ 1981ರಲ್ಲಿ ಸ್ವತಂತ್ರವಾಯಿತು. ಹಾಗಾಗಿ ಸೇಂಟ್ ಲೂಯಿಸಿನಲ್ಲಿ ಆಫ್ರಿಕಾದ, ಫಿಲಿಪೀನ್ಸಿನ ಪ್ರತಿನಿಧಿಗಳಿಗಿದ್ದಂಥ ಮತ ನಮ್ಮವರಿಗೆ ಇರಲಿಲ್ಲ. ಇದ್ದಿದ್ದರೆ ಹೇಗೆ ಹಾಕುತ್ತಿದ್ದರೆಂದು ನಮ್ಮಿಬ್ಬರಿಗೂ ಗೊತ್ತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು 377ನೇ ಸೆಕ್ಷನ್ನಿನ ವಿಷಯದಲ್ಲಿ ತೀರ್ಪು ಕೊಟ್ಟು, ವಯಸ್ಕರ ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧವಲ್ಲವೆಂದಿತು. ಆ ವಾರ ನಮ್ಮ ಊರಿನ ಸಭೆಯಲ್ಲಿ ಅದರ ಬಗ್ಗೆ ಒಂದು ಪ್ರಾರ್ಥನೆಯೂ ಇರಲಿಲ್ಲ, ಒಂದು ಆಕ್ಷೇಪವೂ ಇರಲಿಲ್ಲ ಎಂದು ತಂಗಿ ನೆನಪಿಸಿಕೊಂಡಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ನಮ್ಮಿಬ್ಬರಿಗೂ ಬೇಕಾದ ಬಂಧುವೊಬ್ಬನ ಹೆಸರೆತ್ತಿ, “ಅವನು ಚರ್ಚಿಗೆ ಬರುವುದನ್ನು ಬಿಟ್ಟು ಎಷ್ಟು ವರ್ಷವಾಯಿತು ಗೊತ್ತಾ?” ಎಂದಳು. ನಾನು ಅದಕ್ಕಿಂತ ಮೊದಲು ಎಂದೂ ಎಣಿಸಿರಲಿಲ್ಲ.

ನಮ್ಮ ಪ್ರಾಂತದ ವಾರ್ಷಿಕ ಅಧಿವೇಶನ ಆ ಮತಕ್ಕೆ ಒಪ್ಪಿಗೆ ಕೊಟ್ಟ ಮೇಲೆ, ಪಂಗಡದಲ್ಲಿ ಉಳಿದ ನಾವು ನಮ್ಮ ಸಾಮಾನು ತೆಗೆದುಕೊಂಡು ಹೋಗಲು ಒಂದು ಶನಿವಾರ ಗೊತ್ತುಮಾಡಿದರು. ಚರ್ಚಿನ ಅಡುಗೆಮನೆಯ ಕಪಾಟುಗಳಲ್ಲಿ ಸಹಭೋಜನಗಳಿಗೆ ತಂದು ಅಲ್ಲೇ ಉಳಿದ ಪಾತ್ರೆಗಳಿದ್ದವು. ಅಲ್ಲಿನ ಹೆಂಗಸರು ತಮ್ಮ ಗಾಜಿನ ತಟ್ಟೆಗಳ ಅಡಿಯಲ್ಲಿ ಅಂಟುಪಟ್ಟಿಯ ಮೇಲೆ ಹೆಸರು ಬರೆದು ಅಂಟಿಸುತ್ತಾರೆ. ಕೆಲವು ಪಟ್ಟಿಗಳು ಎಷ್ಟೋ ವರ್ಷ ತೊಳೆದು ತೊಳೆದು ಬಿಳಿಚಿದ್ದವು, ಹೆಸರಿದ್ದವರು ತೀರಿಕೊಂಡಿದ್ದರು. ಅವರದು ಯಾವ ಪಕ್ಷಕ್ಕೆ ಸೇರಬೇಕೆಂದು ಇಬ್ಬರು ಹೆಂಗಸರು ತಟ್ಟೆ ಹಿಡಿದುಕೊಂಡು ನಿಂತಿದ್ದರು. ಅವುಗಳ ನಡುವೆ ನಮ್ಮ ಸ್ಟೀಲಿನ ಡಬರಿಯಿತ್ತು, ಕಂಠದ ಮೇಲೆ ಅಮ್ಮನ ಹೆಸರನ್ನು ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಕೊರೆದದ್ದು. ಅದನ್ನು ಯಾರದೆಂದು ಯಾರೂ ಕೇಳಬೇಕಾಗಿರಲಿಲ್ಲ. ನನ್ನ ಹೆಂಡತಿ ಅದನ್ನು ಎತ್ತಿಕೊಂಡಳು, ಸೆರಗಿನಿಂದ ಒರೆಸಿದಳು, ಮತ್ತೆ ಒಳಗಿಟ್ಟು ಕಪಾಟಿನ ಬಾಗಿಲು ಹಾಕಿದಳು. ಏಕೆಂದು ನಾನು ಕೇಳಲಿಲ್ಲ.

ಈಗ ನಾವು ಮೂವತ್ತು ಚಿಲ್ಲರೆ ಜನ ಪಕ್ಕದ ಊರಿನ ಸಭೆಯೊಂದರ ಜೊತೆ ಸೇರಿಕೊಂಡಿದ್ದೇವೆ. 2024ರ ಮೇ 1ರಂದು, ನಮ್ಮದೇ ರಾಜ್ಯದ ಷಾರ್ಲಟ್ ನಗರದಲ್ಲಿ ನಡೆಯುತ್ತಿದ್ದ ಮಹಾಧಿವೇಶನವು ಸಲಿಂಗಿ ಪಾದ್ರಿಗಳ ಮೇಲಿನ ನಿಷೇಧವನ್ನು 51ರ ಎದುರು 692 ಮತಗಳಿಂದ ತೆಗೆದುಹಾಕಿತು. ಚರ್ಚೆ ಬೇಡವಾದ ಹಲವು ವಿಷಯಗಳ ಕಂತೆಯಲ್ಲಿ ಅದೂ ಒಂದಾಗಿ, ಒಂದು ಭಾಷಣವೂ ಇಲ್ಲದೆ ಹೋಯಿತು. ಮರುದಿನ, ಹೊಂದಿಕೆಯಾಗದು ಎಂಬ 1972ರ ಆ ಮಾತೂ ಅಳಿಸಿಹೋಯಿತು. ಫೋನಿನ ಪರದೆಯಲ್ಲಿ ಜನ ತಬ್ಬಿಕೊಂಡು ಅಳುತ್ತಿದ್ದರು, ನಾನೂ ಅತ್ತೆ. ಆದರೆ 692 ಎಂಬ ಅಂಕಿಯನ್ನು ನೋಡುತ್ತಾ, ಎದ್ದುಹೋದವರ ಖಾಲಿ ಜಾಗಗಳಿಂದಲೇ ಅದು ಅಷ್ಟು ಸುಲಭವಾಯಿತು ಎಂಬುದನ್ನು ಮರೆಯಲಾಗಲಿಲ್ಲ. ನನಗೆ ಬೇಕಾಗಿದ್ದದ್ದು ತಾತ ಆ ಸಾಲಿನಲ್ಲಿ ಕೂತು, ಬೇಡವೆಂದು ಮತ ಹಾಕಿ, ಮುಂದಿನ ಭಾನುವಾರ ಅದೇ ಬೆಂಚಿಗೆ ಬಂದು ಕೂರುವುದು. ಆರ್ಗನ್ ವಾದಕರಿಗೆ ಅಷ್ಟು ಸಾಕಾಗುತ್ತಿತ್ತೇ ಎಂದು ಕೇಳಿದರೆ, ಅವರ ಪರವಾಗಿ ಉತ್ತರ ಹೇಳುವ ಹಕ್ಕು ನನಗಿಲ್ಲ.

ಕಳೆದ ಚಳಿಗಾಲದಲ್ಲಿ ತಾತನ ಹೆಂಡತಿ ತೀರಿಕೊಂಡರು. ತಮ್ಮ ಸಂಸ್ಕಾರದಲ್ಲಿ ಯಾವ ಕೀರ್ತನೆಗಳನ್ನು ಹಾಡಬೇಕು, ಯಾರು ನುಡಿಸಬೇಕು ಎಂಬುದನ್ನು ಅವರು ಒಂದು ಚೀಟಿಯಲ್ಲಿ ಬರೆದು ಸತ್ಯವೇದದೊಳಗೆ ಇಟ್ಟಿದ್ದರು. ತಾತ ಆ ಚೀಟಿಯನ್ನು ಹಿಡಿದು ಟ್ರಕ್ಕಿನಲ್ಲಿ ಆರ್ಗನ್ ವಾದಕರ ಮನೆಗೆ ಹೋದರು. ಅವರು ಬಂದು ನುಡಿಸಿದರು. ಸಂಗಾತಿ ಹಿಂದಿನಿಂದ ಎರಡನೆಯ ಬೆಂಚಿನಲ್ಲಿ, ಬಲತುದಿಯಲ್ಲಿ ಕೂತಿದ್ದರು. ಮಣ್ಣು ಹಾಕಿ ಎಲ್ಲರೂ ಊಟಕ್ಕೆ ನಡೆಯುತ್ತಿದ್ದಾಗ ತಾತನೂ ಆರ್ಗನ್ ವಾದಕರೂ ಓಕ್ ಮರದ ಕೆಳಗೆ ಹಿಂದುಳಿದರು. ಮಗಳ ಕೈ ಹಿಡಿದುಕೊಂಡು ನಾನು ಪಕ್ಕದಲ್ಲೇ ಇದ್ದೆ.

“ನನ್ನ ಅಭಿಪ್ರಾಯ ಬದಲಾಗಿಲ್ಲ” ಎಂದರು ತಾತ.

“ಗೊತ್ತು” ಎಂದರು ಅವರು.

“ನಿಮ್ಮ ತಾಯಿಯ ಸಮಾಧಿಯ ಸುತ್ತ ಹುಲ್ಲು ಬೇಗ ಬೆಳೆಯುತ್ತದೆ. ಹದಿನೈದು ದಿನಕ್ಕೊಮ್ಮೆ ನಾನೇ ಕತ್ತರಿಸುತ್ತೇನೆ.”

“ನೋಡಿದ್ದೇನೆ. ಭಾನುವಾರ ಸಂಜೆ ಬಂದರೆ ಗೇಟಿಗೆ ಬೀಗ ಇರುತ್ತದೆ. ಬೇಲಿಯ ಆಚೆಯಿಂದ ನೋಡಿ ಹೋಗುತ್ತೇನೆ.”

ತಾತ ಗೇಟಿನ ಕಡೆ ನೋಡಿದರು. ಬೀಗದ ಕೈ ಕೊಡಬೇಕಾದರೆ ಕಮಿಟಿಯನ್ನು ಕೇಳಬೇಕು, ಮಂಗಳವಾರ ಕಮಿಟಿ ಸೇರುತ್ತದೆ, ಕೇಳುತ್ತೇನೆ ಎಂದರು.